ಜಪಾನಿನ ನಿಗಾಟಾ ಪ್ರಾಂತ್ಯದಲ್ಲಿ ಪಟ್ಟಣ–ಗ್ರಾಮಗಳ ವಿಲೀನ: ಒಂದು ಆರ್ಥಿಕ ಅವಲೋಕನ

ಜಪಾನಿನ ಮುಖ್ಯ ದ್ವೀಪವಾದ ಹೊನ್ಶುವಿನ ಪಶ್ಚಿಮ ಕರಾವಳಿಯಲ್ಲಿರುವ ನಿಗಾಟಾ ಪ್ರಾಂತ್ಯವು ಭತ್ತಕ್ಕೂ ಭಾರೀ ಹಿಮಪಾತಕ್ಕೂ ಹೆಸರಾದುದು. 1999ರ ಮಾರ್ಚ್ 31ರಂದು ಈ ಪ್ರಾಂತ್ಯದಲ್ಲಿ 20 ನಗರಗಳು, 35 ಪಟ್ಟಣಗಳು ಮತ್ತು 57 ಗ್ರಾಮಗಳು, ಒಟ್ಟು 112 ಸ್ಥಳೀಯ ಸಂಸ್ಥೆಗಳು ಇದ್ದವು. ಹನ್ನೊಂದು ವರ್ಷಗಳ ನಂತರ, 2010ರ ಮಾರ್ಚ್ 31ರಂದು, ಉಳಿದದ್ದು 20 ನಗರಗಳು, 6 ಪಟ್ಟಣಗಳು ಮತ್ತು 4 ಗ್ರಾಮಗಳು, ಒಟ್ಟು 30 ಮಾತ್ರ. ನಗರಗಳ ಸಂಖ್ಯೆ ಒಂದೂ ಹೆಚ್ಚಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಇಳಿಕೆಯೆಲ್ಲವೂ ಪಟ್ಟಣ ಮತ್ತು ಗ್ರಾಮಗಳ ಪಾಲಿಗೇ ಬಂದಿತು. 82 ಆಡಳಿತ ಮುಖ್ಯಸ್ಥರ ಹುದ್ದೆಗಳು, 82 ಸಭೆಗಳು ಮತ್ತು 82 ಆಯವ್ಯಯ ಪತ್ರಗಳು ಒಂದು ದಶಕದಲ್ಲಿ ಇಲ್ಲವಾದವು.

ಈ ವಿಲೀನಗಳನ್ನು ಸರ್ಕಾರವು ಆಜ್ಞೆಯ ಮೂಲಕ ಹೇರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಪ್ರತಿಯೊಂದು ವಿಲೀನವೂ ಸ್ವಯಂಪ್ರೇರಿತವಾದುದು. ಆಯಾ ಸಂಸ್ಥೆಯ ಸಭೆಯೇ ನಿರ್ಣಯ ಅಂಗೀಕರಿಸಿ, ಪ್ರಾಂತ್ಯದ ಸಭೆಯ ಒಪ್ಪಿಗೆಯೊಂದಿಗೆ ಜಾರಿಗೆ ಬಂದುದು. ಹಾಗಿದ್ದಲ್ಲಿ ಇಷ್ಟೊಂದು ಗ್ರಾಮಗಳು ಏಕಕಾಲದಲ್ಲಿ ತಮ್ಮ ಅಸ್ತಿತ್ವವನ್ನು ಬಿಟ್ಟುಕೊಡಲು ಒಪ್ಪಿದ್ದೇಕೆ? ಕೆಲವು ಮಾತ್ರ ಒಪ್ಪದೆ ಉಳಿದದ್ದೇಕೆ? ಉತ್ತರದ ಬಹುಪಾಲು ಆ ಸಂಸ್ಥೆಗಳ ಲೆಕ್ಕಪತ್ರಗಳಲ್ಲಿಯೇ ದೊರೆಯುತ್ತದೆ.

ಮೂರು ಅಲೆಗಳು

ಜಪಾನಿಗೆ ವಿಲೀನವು ಹೊಸದಲ್ಲ. ಮೊದಲನೆಯ ಅಲೆ ಮೇಜಿ ಆಡಳಿತದ ಕಾಲದ್ದು. 1888ರ ಕೊನೆಯಲ್ಲಿ ದೇಶದಲ್ಲಿದ್ದ 71,314 ಪಟ್ಟಣ–ಗ್ರಾಮಗಳು ಮರುವರ್ಷದ ಕೊನೆಗೆ ನಗರಗಳೂ ಸೇರಿ 15,859ಕ್ಕೆ ಇಳಿದವು. ಪ್ರಾಥಮಿಕ ಶಾಲೆ, ಕಂದಾಯ ವಸೂಲಿ, ಕುಟುಂಬ ನೋಂದಣಿ ಇವುಗಳನ್ನು ನಡೆಸಲು ಒಂದು ಗ್ರಾಮದಲ್ಲಿ 300ರಿಂದ 500 ಮನೆಗಳಾದರೂ ಇರಬೇಕೆಂಬುದು ಅಂದಿನ ಮಾನದಂಡವಾಗಿತ್ತು.

ಎರಡನೆಯ ಅಲೆ ಎರಡನೇ ಮಹಾಯುದ್ಧದ ನಂತರ ಬಂದಿತು. ಹೊಸ ವ್ಯವಸ್ಥೆಯಲ್ಲಿ ಮಾಧ್ಯಮಿಕ ಶಾಲೆಯನ್ನು ನಡೆಸುವ ಹೊಣೆ ಸ್ಥಳೀಯ ಸಂಸ್ಥೆಗೆ ಬಿದ್ದುದರಿಂದ ಕನಿಷ್ಠ 8,000 ಜನಸಂಖ್ಯೆಯನ್ನು ಗುರಿಯಾಗಿ ಇರಿಸಿಕೊಳ್ಳಲಾಯಿತು. 1953ರಲ್ಲಿ 9,868ರಷ್ಟಿದ್ದ ಸಂಸ್ಥೆಗಳು 1961ರ ವೇಳೆಗೆ 3,472ಕ್ಕೆ ಇಳಿದವು.

ಮೂರನೆಯದು, ಹೇಸೇ ಶಕೆಯಲ್ಲಿ ನಡೆದುದರಿಂದ ಹೇಸೇ ಮಹಾವಿಲೀನ ಎಂದು ಕರೆಯಲ್ಪಡುವ ಅಲೆ. 1999ರ ಮಾರ್ಚ್‌ನಲ್ಲಿ 3,232ರಷ್ಟಿದ್ದ ಸಂಸ್ಥೆಗಳು 2010ರ ಮಾರ್ಚ್‌ಗೆ 1,727 ಆದವು. ಸಾವಿರಕ್ಕೆ ಇಳಿಸಬೇಕೆಂಬುದು ಆಳುವ ಪಕ್ಷಗಳ ಗುರಿಯಾಗಿತ್ತು. ಮೊದಲ ಎರಡು ಅಲೆಗಳಿಗೆ ಶಾಲೆ ಎಂಬ ಕಣ್ಣಿಗೆ ಕಾಣುವ ಕಾರಣವಿತ್ತು. ಮೂರನೆಯ ಅಲೆಗೆ ಮುಖ್ಯವಾಗಿ ಇದ್ದ ಕಾರಣ ಹಣಕಾಸು.

ಹಂಚಿಕೆ ತೆರಿಗೆ ಎಂದರೇನು?

ಜಪಾನಿನ ಪಟ್ಟಣ–ಗ್ರಾಮಗಳ ಸ್ವಂತ ಆದಾಯದ ಮುಖ್ಯ ಮೂಲಗಳು ಎರಡು: ನಿವಾಸಿ ತೆರಿಗೆ ಮತ್ತು ಸ್ಥಿರ ಆಸ್ತಿ ತೆರಿಗೆ. ಸ್ಥಿರ ಆಸ್ತಿ ತೆರಿಗೆಯನ್ನು ಭೂಮಿ ಮತ್ತು ಕಟ್ಟಡಗಳಲ್ಲದೆ ಯಂತ್ರೋಪಕರಣಗಳಂತಹ ಸವಕಳಿಗೆ ಒಳಪಡುವ ಆಸ್ತಿಗಳ ಮೇಲೂ ವಿಧಿಸಲಾಗುತ್ತದೆ; ಸಾಮಾನ್ಯ ದರ ಶೇ. 1.4. ಬೆಟ್ಟದ ಗ್ರಾಮವೊಂದಕ್ಕೆ ಈ ಎರಡರಿಂದ ಬರುವ ಹಣ ಅದರ ವೆಚ್ಚದ ಒಂದು ಸಣ್ಣ ಭಾಗಕ್ಕೂ ಸಾಲದು. ಆ ಕೊರತೆಯನ್ನು ತುಂಬುವುದೇ ಸ್ಥಳೀಯ ಹಂಚಿಕೆ ತೆರಿಗೆ. ಕೇಂದ್ರ ಸರ್ಕಾರವು ಆದಾಯ ತೆರಿಗೆ, ಕಂಪನಿ ತೆರಿಗೆ, ಮದ್ಯ ತೆರಿಗೆ, ಬಳಕೆ ತೆರಿಗೆ ಮುಂತಾದವುಗಳ ನಿರ್ದಿಷ್ಟ ಪಾಲನ್ನು ತೆಗೆದಿರಿಸಿ ಸೂತ್ರದ ಪ್ರಕಾರ ಹಂಚುತ್ತದೆ.

ಸೂತ್ರವು ಸರಳವಾದುದು. ಜನಸಂಖ್ಯೆ, ರಸ್ತೆಯ ಉದ್ದ, ಶಾಲೆಗಳ ಸಂಖ್ಯೆ ಮೊದಲಾದವುಗಳ ಆಧಾರದ ಮೇಲೆ ಸಂಸ್ಥೆಯ 'ಮೂಲ ಅಗತ್ಯ'ವನ್ನು ಲೆಕ್ಕ ಹಾಕಲಾಗುತ್ತದೆ. ಅದರ ನಿರೀಕ್ಷಿತ ತೆರಿಗೆಯ ಶೇ. 75ರಷ್ಟನ್ನು 'ಮೂಲ ಆದಾಯ' ಎಂದು ಪರಿಗಣಿಸಲಾಗುತ್ತದೆ. ಉಳಿದ ಶೇ. 25 ಸಂಸ್ಥೆಯ ಸ್ವಂತ ವಿವೇಚನೆಗೆ ಬಿಟ್ಟದ್ದು. ಅಗತ್ಯದಿಂದ ಆದಾಯವನ್ನು ಕಳೆದರೆ ಬರುವ ಮೊತ್ತವೇ ಹಂಚಿಕೆ. ಆದಾಯವು ಅಗತ್ಯಕ್ಕಿಂತ ಹೆಚ್ಚಿದ್ದಲ್ಲಿ ಹಂಚಿಕೆ ಶೂನ್ಯ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಣ್ಣ ಸಂಸ್ಥೆಗೆ ತಲಾ ವೆಚ್ಚ ಹೆಚ್ಚು. ಸಾವಿರ ಜನರಿದ್ದರೂ ಒಬ್ಬ ಮುಖ್ಯಸ್ಥ, ಒಂದು ಕಚೇರಿ, ಒಂದು ಲೆಕ್ಕ ವಿಭಾಗ ಬೇಕೇ ಬೇಕು. ಆದ್ದರಿಂದ ಸೂತ್ರವು ಸಣ್ಣ ಸಂಸ್ಥೆಗಳ ಅಗತ್ಯವನ್ನು ಸ್ವಲ್ಪ ಏರಿಸಿ ಲೆಕ್ಕ ಹಾಕುತ್ತದೆ. ಹತ್ತು ಗ್ರಾಮಗಳು ಒಂದಾದರೆ ಈ ಏರಿಕೆ ಕರಗಿಹೋಗುತ್ತದೆ. ಅಂದರೆ ವಿಲೀನದ ಮೊದಲ ಉಳಿತಾಯ ಕೇಂದ್ರದ ಖಜಾನೆಗೆ ಸಲ್ಲುತ್ತದೆ. ವಿಲೀನದ ಬಗ್ಗೆ ಕೇಂದ್ರಕ್ಕೆ ಇದ್ದ ಆಸಕ್ತಿಯನ್ನು ಈ ಹಿನ್ನೆಲೆಯಲ್ಲಿ ಅರ್ಥ ಮಾಡಿಕೊಳ್ಳಬೇಕು.

ಉತ್ತೇಜನ ಮತ್ತು ಒತ್ತಡ

ಹಂಚಿಕೆ ಕಡಿಮೆಯಾಗುವುದೆಂದು ತಿಳಿದೂ ಯಾವ ಗ್ರಾಮವೂ ವಿಲೀನಕ್ಕೆ ಒಪ್ಪಲಾರದು. ಆದ್ದರಿಂದ ವಿಲೀನ ವಿಶೇಷ ಕಾಯ್ದೆಯನ್ನು 1999ರಲ್ಲಿ ತಿದ್ದುಪಡಿ ಮಾಡಿ ಎರಡು ಮುಖ್ಯ ಸೌಲಭ್ಯಗಳನ್ನು ನೀಡಲಾಯಿತು.

ಮೊದಲನೆಯದು ಹಂಚಿಕೆಯ ವಿಶೇಷ ಲೆಕ್ಕ. ವಿಲೀನವಾದ ಮೇಲೂ ಹತ್ತು ವರ್ಷಗಳ ಕಾಲ ಹಳೆಯ ಸಂಸ್ಥೆಗಳು ಪ್ರತ್ಯೇಕವಾಗಿಯೇ ಇವೆಯೆಂದು ಭಾವಿಸಿ ಹಂಚಿಕೆಯನ್ನು ಲೆಕ್ಕ ಹಾಕುವುದು. ಮುಂದಿನ ಐದು ವರ್ಷಗಳಲ್ಲಿ ವ್ಯತ್ಯಾಸದ ಮೊತ್ತವನ್ನು ಕ್ರಮವಾಗಿ ಶೇ. 90, 70, 50, 30, 10ಕ್ಕೆ ಇಳಿಸುವುದು. ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಹತ್ತು ಗ್ರಾಮಗಳಿಗೆ ತಲಾ 200 ಕೋಟಿ ಯೆನ್ ಅಗತ್ಯ ಮತ್ತು 50 ಕೋಟಿ ಯೆನ್ ಆದಾಯ ಇದೆಯೆನ್ನೋಣ. ತಲಾ 150 ಕೋಟಿಯಂತೆ ಒಟ್ಟು ಹಂಚಿಕೆ 1,500 ಕೋಟಿ. ವಿಲೀನದ ನಂತರ ಹೊಸ ನಗರದ ಅಗತ್ಯ 2,000 ಕೋಟಿಯ ಬದಲು 1,600 ಕೋಟಿ ಎಂದು ನಿಗದಿಯಾದರೆ, 500 ಕೋಟಿ ಆದಾಯವನ್ನು ಕಳೆದು ದೊರೆಯುವ ಹಂಚಿಕೆ 1,100 ಕೋಟಿ ಮಾತ್ರ. ವಿಶೇಷ ಲೆಕ್ಕದ ಪ್ರಕಾರ ಹತ್ತು ವರ್ಷ 1,500 ಕೋಟಿಯೇ ಬರುತ್ತದೆ. ನಂತರ 1,460, 1,380, 1,300, 1,220, 1,140 ಎಂದು ಇಳಿದು ಹದಿನಾರನೆಯ ವರ್ಷ 1,100ಕ್ಕೆ ನಿಲ್ಲುತ್ತದೆ. ಅಷ್ಟರೊಳಗೆ ವರ್ಷಕ್ಕೆ 400 ಕೋಟಿ ಯೆನ್ ವೆಚ್ಚವನ್ನು ಕಡಿತ ಮಾಡುವ ಹೊಣೆ ಹೊಸ ನಗರದ್ದು.

ಎರಡನೆಯದು ವಿಲೀನ ವಿಶೇಷ ಸಾಲಪತ್ರ. ವಿಲೀನ ಯೋಜನೆಯಲ್ಲಿ ಸೇರಿದ ರಸ್ತೆ, ಸಭಾಭವನ, ಶಾಲೆ ಮುಂತಾದ ಕಾಮಗಾರಿಗಳ ವೆಚ್ಚದ ಶೇ. 95ರಷ್ಟನ್ನು ಸಾಲವಾಗಿ ಎತ್ತಬಹುದು. ಅಸಲು ಮತ್ತು ಬಡ್ಡಿಯ ಶೇ. 70ರಷ್ಟನ್ನು ಕೇಂದ್ರವು ಮುಂದಿನ ವರ್ಷಗಳಲ್ಲಿ ಮೂಲ ಅಗತ್ಯಕ್ಕೆ ಸೇರಿಸುತ್ತದೆ. 100 ಕೋಟಿ ಯೆನ್ ಕಟ್ಟಡಕ್ಕೆ 95 ಕೋಟಿ ಸಾಲ. ಬಡ್ಡಿಯನ್ನು ಬದಿಗಿರಿಸಿದರೆ ಅದರಲ್ಲಿ 66.5 ಕೋಟಿ ಅಗತ್ಯದ ಲೆಕ್ಕಕ್ಕೆ ಸೇರ್ಪಡೆ. ನಗರಕ್ಕೆ ಉಳಿಯುವ ಹೊರೆ 33.5 ಕೋಟಿ. ಮೂರನೆಯ ಒಂದು ಭಾಗದ ಬೆಲೆಗೆ ಪೂರ್ಣ ಕಟ್ಟಡ ದೊರೆಯುವುದಾದರೆ ಬೇಡವೆನ್ನುವವರು ವಿರಳ. ಆದರೆ ಕಟ್ಟಡದ ನಿರ್ವಹಣಾ ವೆಚ್ಚಕ್ಕೆ ಈ ರಿಯಾಯಿತಿ ಅನ್ವಯಿಸುವುದಿಲ್ಲ. ಅದು ಕಟ್ಟಡವಿರುವವರೆಗೂ ನಗರದ ಸ್ವಂತ ಖರ್ಚು.

ಉತ್ತೇಜನದ ಜೊತೆಗೆ ಒತ್ತಡವೂ ಇತ್ತು. ಸಣ್ಣ ಸಂಸ್ಥೆಗಳಿಗೆ ನೀಡುತ್ತಿದ್ದ ಏರಿಕೆಯನ್ನು 1998 ಮತ್ತು 2002ರಲ್ಲಿ ಮೊಟಕುಗೊಳಿಸಲಾಯಿತು. ನಂತರ 2004ರಿಂದ 2006ರವರೆಗೆ ನಡೆದ ಹಣಕಾಸು ಸುಧಾರಣೆಯಲ್ಲಿ ಹಂಚಿಕೆ ತೆರಿಗೆಯು ಒಟ್ಟಾರೆ ಸುಮಾರು 5 ಲಕ್ಷ ಕೋಟಿ ಯೆನ್‌ಗಳಷ್ಟು ಕಡಿತಗೊಂಡಿತು. ಇದೇ ಸಮಯಕ್ಕೆ ಉತ್ತೇಜನದ ಗಡುವೂ ಹತ್ತಿರವಾಯಿತು: 2005ರ ಮಾರ್ಚ್ 31ರೊಳಗೆ ಅರ್ಜಿ ಸಲ್ಲಿಸಿ ಮರುವರ್ಷದ ಮಾರ್ಚ್ 31ರೊಳಗೆ ವಿಲೀನವಾದವರಿಗೆ ಮಾತ್ರ ಪೂರ್ಣ ಸೌಲಭ್ಯ. ಒಂದು ಕೈಯಲ್ಲಿ ಕಡಿತ, ಇನ್ನೊಂದು ಕೈಯಲ್ಲಿ ಗಡುವಿರುವ ಕೊಡುಗೆ. ನಿಗಾಟಾದ ವಿಲೀನಗಳಲ್ಲಿ ಬಹುಪಾಲು 2004, 2005 ಮತ್ತು 2006ರ ಮೊದಲ ತಿಂಗಳುಗಳಲ್ಲಿಯೇ ನಡೆದದ್ದು ಆಕಸ್ಮಿಕವಲ್ಲ.

ವಿನಿಮಯ ಅನುಪಾತವಿಲ್ಲದ ವಿಲೀನ

ಕಂಪನಿಗಳ ವಿಲೀನವನ್ನು ಬಲ್ಲ ಓದುಗರಿಗೆ ಇಲ್ಲಿ ಒಂದು ಹೋಲಿಕೆ ಉಪಯುಕ್ತವಾದೀತು. ಜಪಾನಿನ ಕಾನೂನಿನಲ್ಲಿ ವಿಲೀನಕ್ಕೆ ಎರಡು ರೂಪಗಳಿವೆ. ಎಲ್ಲ ಸಂಸ್ಥೆಗಳೂ ವಿಸರ್ಜನೆಗೊಂಡು ಹೊಸದೊಂದು ಸ್ಥಾಪನೆಯಾಗುವುದು ಒಂದು. ದೊಡ್ಡ ನಗರವು ಹಾಗೆಯೇ ಉಳಿದು ನೆರೆಯ ಪಟ್ಟಣ–ಗ್ರಾಮಗಳನ್ನು ತನ್ನೊಳಗೆ ಸೇರಿಸಿಕೊಳ್ಳುವುದು ಇನ್ನೊಂದು. ಎರಡನೆಯ ರೂಪದಲ್ಲಿ ದೊಡ್ಡ ನಗರದ ಮೇಯರ್ ಮತ್ತು ನಿಯಮಾವಳಿಗಳು ಮುಂದುವರಿಯುತ್ತವೆ. ಸೇರಿದ ಗ್ರಾಮದ ಮುಖ್ಯಸ್ಥನ ಹುದ್ದೆ ಅಂದೇ ಕೊನೆಗೊಳ್ಳುತ್ತದೆ.

ಕಂಪನಿಗಳು ವಿಲೀನವಾಗುವಾಗ ಆಸ್ತಿ–ಹೊಣೆಗಳ ಮೌಲ್ಯಮಾಪನ ನಡೆದು ಷೇರು ವಿನಿಮಯ ಅನುಪಾತ ನಿಗದಿಯಾಗುತ್ತದೆ. ಹೆಚ್ಚು ಮೀಸಲು ನಿಧಿ ತಂದವರಿಗೆ ಹೆಚ್ಚು ಷೇರು ದೊರೆಯುತ್ತದೆ. ಗ್ರಾಮಗಳ ವಿಲೀನದಲ್ಲಿ ಇಂತಹ ಅನುಪಾತವೇ ಇಲ್ಲ. ಮಿತವ್ಯಯದಿಂದ ನಿಧಿ ಕೂಡಿಟ್ಟ ಗ್ರಾಮದ ಹಣವೂ, ಸಾಲ ಮಾಡಿ ಕ್ರೀಡಾಂಗಣ ಕಟ್ಟಿದ ಪಟ್ಟಣದ ಸಾಲವೂ ಒಂದೇ ಖಾತೆಗೆ ಬೀಳುತ್ತವೆ. ಕೂಡಿಟ್ಟವನಿಗೆ ಪ್ರತಿಫಲವಿಲ್ಲ, ಸಾಲ ಮಾಡಿದವನಿಗೆ ದಂಡವಿಲ್ಲ. ಇದರ ಫಲವಾಗಿ ವಿಲೀನದ ದಿನಾಂಕ ಗೊತ್ತಾದ ಕೂಡಲೆ ಇದ್ದ ನಿಧಿಯನ್ನು ತಮ್ಮ ಊರಿಗೇ ಖರ್ಚು ಮಾಡಿಬಿಡುವ ಪ್ರವೃತ್ತಿ ದೇಶದ ಹಲವೆಡೆ ಕಂಡುಬಂದಿತು. 'ನಾಳೆ ಎಲ್ಲರದಾಗುವ ಹಣವನ್ನು ಇಂದೇ ನಮ್ಮದಾಗಿಸಿಕೊಳ್ಳೋಣ' ಎಂಬ ಈ ಧೋರಣೆಯನ್ನು ಜಪಾನಿನ ಅರ್ಥಶಾಸ್ತ್ರಜ್ಞರು ಸಾಕಷ್ಟು ಅಧ್ಯಯನ ಮಾಡಿದ್ದಾರೆ.

ನಿಗಾಟಾದ ಹೊಸ ನಕ್ಷೆ

ಪ್ರಾಂತ್ಯದ ಕರಾವಳಿಯಾಚೆ ಇರುವ ಸಾದೊ ದ್ವೀಪದಲ್ಲಿ ಒಂದು ನಗರ, ಏಳು ಪಟ್ಟಣ, ಎರಡು ಗ್ರಾಮಗಳಿದ್ದವು. 2004ರ ಮಾರ್ಚ್ 1ರಂದು ಇವೆಲ್ಲವೂ ಕೂಡಿ ಸಾದೊ ನಗರವಾಯಿತು. ಸುಮಾರು 855 ಚದರ ಕಿಲೋಮೀಟರ್ ವಿಸ್ತೀರ್ಣದ ಇಡೀ ದ್ವೀಪವೇ ಒಂದು ನಗರ.

ನೈಋತ್ಯ ಭಾಗದ ಜೋಯೆತ್ಸು ನಗರವು 2005ರ ಜನವರಿ 1ರಂದು ಸುತ್ತಲಿನ 13 ಪಟ್ಟಣ–ಗ್ರಾಮಗಳನ್ನು ಒಂದೇ ದಿನ ಸೇರಿಸಿಕೊಂಡಿತು. ರಾಜಧಾನಿ ನಿಗಾಟಾ ನಗರವು 2005ರ ಮಾರ್ಚ್ 21ರಂದು 12 ಸಂಸ್ಥೆಗಳನ್ನೂ, ಅದೇ ವರ್ಷದ ಅಕ್ಟೋಬರ್ 10ರಂದು ಮಾಕಿ ಪಟ್ಟಣವನ್ನೂ ಸೇರಿಸಿಕೊಂಡು ಎಂಟು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ನಗರವಾಯಿತು. ಅದರ ಗುರಿ ಬೇರೆಯಿತ್ತು. ಪ್ರಾಂತ್ಯದ ಅನೇಕ ಅಧಿಕಾರಗಳು ವರ್ಗಾವಣೆಯಾಗುವ 'ನಿಯೋಜಿತ ಮಹಾನಗರ' ಸ್ಥಾನಮಾನಕ್ಕೆ ವಿಲೀನದ ಅವಧಿಯಲ್ಲಿ ಜನಸಂಖ್ಯೆಯ ಮಾನದಂಡವನ್ನು ಏಳು ಲಕ್ಷಕ್ಕೆ ಸಡಿಲಿಸಲಾಗಿತ್ತು. 2007ರ ಏಪ್ರಿಲ್ 1ರಂದು ನಿಗಾಟಾ ಎಂಟು ವಾರ್ಡುಗಳೊಂದಿಗೆ ಆ ಸ್ಥಾನವನ್ನು ಪಡೆಯಿತು. ಹೊನ್ಶುವಿನ ಜಪಾನ್ ಸಮುದ್ರ ತೀರದಲ್ಲಿ ಈ ಸ್ಥಾನ ಪಡೆದ ಮೊದಲ ನಗರ ಅದು.

ಮಧ್ಯಭಾಗದ ನಗಾವೊಕ ನಗರವು 2005, 2006 ಮತ್ತು 2010ರಲ್ಲಿ ಮೂರು ಕಂತುಗಳಲ್ಲಿ ಹತ್ತು ಸಂಸ್ಥೆಗಳನ್ನು ಸೇರಿಸಿಕೊಂಡಿತು. 2010ರ ಮಾರ್ಚ್ 31ರಂದು ಸೇರಿದ ಕೊನೆಯ ಪಟ್ಟಣ ಕಾವಾಗುಚಿ. ನಗಾವೊಕಕ್ಕೂ ಕಾವಾಗುಚಿಗೂ ನಡುವೆ ಓಜಿಯಾ ಎಂಬ ಬೇರೊಂದು ನಗರವಿರುವುದರಿಂದ ಈ ಭಾಗವು ನಕ್ಷೆಯಲ್ಲಿ ಬಿಡಿ ತುಣುಕಾಗಿಯೇ ಕಾಣುತ್ತದೆ. ಲೆಕ್ಕಪತ್ರದಲ್ಲಿ ಕೂಡಿದ್ದು ಭೂಮಿಯ ಮೇಲೆ ಕೂಡಲಿಲ್ಲ.

ಹೊರಗುಳಿದವರು

2010ರ ನಂತರ ಉಳಿದ ಹತ್ತು ಪಟ್ಟಣ–ಗ್ರಾಮಗಳಲ್ಲಿ ಅಗಾ ಪಟ್ಟಣವು ನಾಲ್ಕು ಸಂಸ್ಥೆಗಳ ವಿಲೀನದಿಂದಲೇ ಹುಟ್ಟಿದುದು. ಆದ್ದರಿಂದ ನಿಜವಾಗಿ ಹೊರಗುಳಿದವು ಒಂಬತ್ತು: ಸೈರೊ, ತಗಾಮಿ, ಇಜುಮೊಜಾಕಿ, ಯುಜಾವಾ ಮತ್ತು ತ್ಸುನಾನ್ ಪಟ್ಟಣಗಳು, ಯಾಹಿಕೊ, ಕಾರಿವಾ, ಸೆಕಿಕಾವಾ ಮತ್ತು ಅವಾಶಿಮಾಊರಾ ಗ್ರಾಮಗಳು. ಇವುಗಳ ಆದಾಯದ ಮೂಲಗಳನ್ನು ಪರಿಶೀಲಿಸಿದರೆ ಎರಡು ಗುಂಪುಗಳು ಕಾಣಸಿಗುತ್ತವೆ.

ಮೊದಲ ಗುಂಪು ಸ್ವಂತ ಆದಾಯವುಳ್ಳವರದು. ಕಾರಿವಾ ಗ್ರಾಮವು ಕಾಶಿವಾಜಾಕಿ–ಕಾರಿವಾ ಪರಮಾಣು ವಿದ್ಯುತ್ ಸ್ಥಾವರದ ಊರು. ಒಟ್ಟು 82 ಲಕ್ಷ ಕಿಲೋವ್ಯಾಟ್‌ಗೂ ಮೀರಿದ ಸಾಮರ್ಥ್ಯದ ಏಳು ರಿಯಾಕ್ಟರುಗಳಲ್ಲಿ ಮೂರು ಈ ಗ್ರಾಮದ ಎಲ್ಲೆಯೊಳಗಿವೆ. ಅವುಗಳ ಮೇಲಿನ ಸ್ಥಿರ ಆಸ್ತಿ ತೆರಿಗೆಯಿಂದಾಗಿ ಐದು ಸಾವಿರದಷ್ಟು ಜನರ ಈ ಗ್ರಾಮಕ್ಕೆ ಸಾಮಾನ್ಯ ಹಂಚಿಕೆಯ ಅಗತ್ಯವೇ ಇರಲಿಲ್ಲ. ಸೈರೊ ಪಟ್ಟಣದಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರವಿದೆ. ಯುಜಾವಾ ಬಿಸಿನೀರಿನ ಬುಗ್ಗೆಗಳ ಮತ್ತು ಹಿಮಕ್ರೀಡೆಯ ತಾಣ. 1980ರ ದಶಕದ ಕೊನೆಯ ಭೂಬೆಲೆ ಏರಿಕೆಯ ಕಾಲದಲ್ಲಿ ಸುಮಾರು ಎಂಟು ಸಾವಿರ ಜನರ ಆ ಪಟ್ಟಣದಲ್ಲಿ ಹೊರಗಿನವರಿಗಾಗಿ 15 ಸಾವಿರದಷ್ಟು ವಿಹಾರ ವಸತಿಗಳು ನಿರ್ಮಾಣವಾದವು. ಮಾಲೀಕರು ವಾಸಿಸಲಿ ಬಿಡಲಿ, ಆಸ್ತಿ ತೆರಿಗೆ ಬರುತ್ತದೆ.

ಈ ಊರುಗಳಿಗೆ ವಿಲೀನದ ಉತ್ತೇಜನ ನಾಟುವಂತಿರಲಿಲ್ಲ. ಹಂಚಿಕೆಯನ್ನೇ ಪಡೆಯದವನಿಗೆ ಹಂಚಿಕೆಯ ವಿಶೇಷ ಲೆಕ್ಕದಿಂದ ಏನು ಲಾಭ? ಬದಲಾಗಿ ತಮ್ಮ ತೆರಿಗೆಯನ್ನು ನೆರೆಯವರೊಂದಿಗೆ ಹಂಚಿಕೊಳ್ಳಬೇಕಾಗುತ್ತಿತ್ತು. ಆದರೆ ಇಂತಹ ಸಂಪತ್ತಿಗೂ ಒಂದು ಮಿತಿಯಿದೆ. ಯಂತ್ರೋಪಕರಣಗಳ ಮೇಲಿನ ತೆರಿಗೆಯು ಸವಕಳಿಯ ಜೊತೆಯಲ್ಲಿಯೇ ವರ್ಷ ವರ್ಷ ಕರಗುತ್ತದೆ. ಕಾರಿವಾದ ಎಲ್ಲೆಯೊಳಗಿನ ಕೊನೆಯ ರಿಯಾಕ್ಟರು ಕಾರ್ಯಾರಂಭ ಮಾಡಿದ್ದು 1997ರಲ್ಲಿ. ವಿಲೀನದ ಮಾತುಕತೆಯ ಕಾಲಕ್ಕೆ ಅದರ ಪುಸ್ತಕ ಮೌಲ್ಯ ಇನ್ನೂ ದೊಡ್ಡದಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಇದಕ್ಕೆ ಎದುರಾಗಿ ಮಾಕಿ ಪಟ್ಟಣದ ಚರಿತ್ರೆಯನ್ನು ಇರಿಸಿ ನೋಡಬಹುದು. ಅಲ್ಲಿಯೂ ಪರಮಾಣು ಸ್ಥಾವರದ ಪ್ರಸ್ತಾಪವಿತ್ತು. 1996ರ ಆಗಸ್ಟ್ 4ರಂದು ನಡೆದ ಜನಮತಗಣನೆಯಲ್ಲಿ 12,478 ಮತಗಳು ವಿರುದ್ಧವಾಗಿಯೂ 7,904 ಮತಗಳು ಪರವಾಗಿಯೂ ಬಿದ್ದವು. ಸ್ಥಳೀಯ ನಿಯಮಾವಳಿಯ ಅಡಿಯಲ್ಲಿ ಜಪಾನಿನಲ್ಲಿ ನಡೆದ ಮೊದಲ ಜನಮತಗಣನೆ ಇದು. 2003ರ ಕೊನೆಗೆ ವಿದ್ಯುತ್ ಕಂಪನಿಯು ಯೋಜನೆಯನ್ನು ಕೈಬಿಟ್ಟಿತು. 2005ರಲ್ಲಿ ಮಾಕಿ ಪಟ್ಟಣವು ನಿಗಾಟಾ ನಗರದಲ್ಲಿ ಸೇರಿಹೋಯಿತು. ಸ್ಥಾವರವನ್ನು ನಿರಾಕರಿಸಿದ್ದರಿಂದಲೇ ವಿಲೀನವಾಯಿತೆಂದು ಹೇಳಲು ಬಾರದು. ಆದರೆ ತನ್ನ ವಿಷಯವನ್ನು ತಾನೇ ನಿರ್ಧರಿಸಬಲ್ಲೆನೆಂದು ಇಡೀ ದೇಶಕ್ಕೆ ತೋರಿಸಿಕೊಟ್ಟ ಪಟ್ಟಣಕ್ಕೆ ಒಂಬತ್ತು ವರ್ಷಗಳ ನಂತರ ನಿರ್ಧರಿಸಲು ತನ್ನದೇ ಆದ ಸಭೆ ಉಳಿಯಲಿಲ್ಲ ಎಂಬುದು ವಾಸ್ತವ.

ಎರಡನೆಯ ಗುಂಪಿನವರಿಗೆ ಇಂತಹ ಆದಾಯವಿಲ್ಲ. ತ್ಸುನಾನ್ ಅತಿ ಹೆಚ್ಚು ಹಿಮ ಬೀಳುವ ಕೃಷಿ ಪಟ್ಟಣ. ನೆರೆಯ ತೋಕಾಮಾಚಿ ನಗರ ಮತ್ತು ನಾಲ್ಕು ಪಟ್ಟಣ–ಗ್ರಾಮಗಳು 2005ರ ಏಪ್ರಿಲ್ 1ರಂದು ಒಂದಾದಾಗ ತ್ಸುನಾನ್ ಪ್ರತ್ಯೇಕವಾಗಿಯೇ ಉಳಿಯಲು ನಿರ್ಧರಿಸಿತು. ಹಾಗೆಂದು ಅದು ಎಲ್ಲವನ್ನೂ ಒಂಟಿಯಾಗಿ ಮಾಡುವುದಿಲ್ಲ. ಅಗ್ನಿಶಾಮಕ ಸೇವೆಯನ್ನು ತೋಕಾಮಾಚಿಯೊಂದಿಗೆ ಜಂಟಿ ಸಂಘದ ಮೂಲಕ ನಡೆಸುತ್ತದೆ. 2000ದಲ್ಲಿ ಆರಂಭವಾಗಿ ಪ್ರಸಿದ್ಧವಾದ ಎಚಿಗೊ–ತ್ಸುಮಾರಿ ಕಲಾ ಉತ್ಸವದಲ್ಲಿಯೂ ಎರಡೂ ಊರುಗಳು ಪಾಲುದಾರರು. ಆಡಳಿತ ಬೇರೆ, ಸೇವೆ ಜಂಟಿ ಎಂಬ ಈ ಮಾರ್ಗಕ್ಕೆ ಕಾನೂನಿನಲ್ಲಿ ಮೊದಲಿನಿಂದಲೂ ಅವಕಾಶವಿತ್ತು. ಅದಕ್ಕೆ ವಿಶೇಷ ಸಾಲಪತ್ರದ ಆಕರ್ಷಣೆ ಮಾತ್ರ ಇರಲಿಲ್ಲ. 2020ರ ಜನಗಣತಿಯಲ್ಲಿ ನಾನೂರು ಜನರೂ ಇಲ್ಲದ ಅವಾಶಿಮಾಊರಾ ಎಂಬ ದ್ವೀಪಗ್ರಾಮವೂ ಪ್ರತ್ಯೇಕ ಸಂಸ್ಥೆಯಾಗಿಯೇ ಉಳಿದಿದೆ.

ವ್ಯಾಪಾರಿ ಸಂಸ್ಥೆಗಳ ಸ್ಥಿತಿ

ಈ ಪತ್ರಿಕೆಯ ಓದುಗರಿಗೆ ಆಸಕ್ತಿಯ ವಿಷಯವೊಂದಿದೆ. ಜಪಾನಿನಲ್ಲಿ ಮುಖ್ಯವಾಗಿ ನಗರಗಳಿಗೆ 1953ರ ಕಾಯ್ದೆಯಂತೆ ವಾಣಿಜ್ಯೋದ್ಯಮ ಸಂಸ್ಥೆಗಳೂ, ಪಟ್ಟಣ–ಗ್ರಾಮಗಳಿಗೆ 1960ರ ಕಾಯ್ದೆಯಂತೆ 'ಶೋಕೋಕಾಯಿ' ಎಂಬ ವರ್ತಕ ಸಂಘಗಳೂ ಇವೆ. ಎರಡರ ಕಾರ್ಯಕ್ಷೇತ್ರಗಳು ಒಂದರ ಮೇಲೊಂದು ಬರುವಂತಿಲ್ಲ. ಊರುಗಳು ವಿಲೀನವಾದಾಗ ಈ ಸಂಸ್ಥೆಗಳು ತಾವಾಗಿಯೇ ವಿಲೀನವಾಗಲಿಲ್ಲ. ಪುರಸಭೆ ಒಂದಾದರೂ ವರ್ತಕರ ಸಂಘಗಳು ಹಲವಾಗಿಯೇ ಉಳಿದ ನಗರಗಳಿವೆ. ನಿಗಾಟಾ ಮಹಾನಗರದೊಳಗೆ ನಿಗಾಟಾ ವಾಣಿಜ್ಯೋದ್ಯಮ ಸಂಸ್ಥೆಯಲ್ಲದೆ ನೀತ್ಸು ಮತ್ತು ಕಾಮೆದಾ ಸಂಸ್ಥೆಗಳೂ ತಮ್ಮ ಹಳೆಯ ಹೆಸರಿನಲ್ಲಿಯೇ ಕಾರ್ಯ ನಿರ್ವಹಿಸುತ್ತಾ ಬಂದವು.

ಸಣ್ಣ ಪಟ್ಟಣದ ವರ್ತಕನಿಗೆ ಪುರಸಭೆಯು ತೆರಿಗೆ ವಿಧಿಸುವ ಕಚೇರಿ ಮಾತ್ರವಲ್ಲ, ದೊಡ್ಡ ಗಿರಾಕಿಯೂ ಹೌದು. ಕಾಗದ, ಲೇಖನ ಸಾಮಗ್ರಿ, ಇಂಧನ, ದುರಸ್ತಿ ಕೆಲಸ, ಹಿಮ ತೆಗೆಯುವ ಗುತ್ತಿಗೆ ಇವೆಲ್ಲ ಊರಿನ ಒಳಗೇ ಹಂಚಿಕೆಯಾಗುತ್ತಿದ್ದವು. ಪುರಸಭೆಯು ಶಾಖಾ ಕಚೇರಿಯಾಗಿ ಮಾರ್ಪಟ್ಟಾಗ ಖರೀದಿಯ ತೀರ್ಮಾನ ಕೇಂದ್ರ ಕಚೇರಿಗೆ ಹೋಗುತ್ತದೆ. ನೌಕರರ ಸಂಖ್ಯೆ ಇಳಿದಂತೆ ಮಧ್ಯಾಹ್ನದ ಊಟದ ಅಂಗಡಿಗೂ ಗಿರಾಕಿಗಳು ಕಡಿಮೆಯಾಗುತ್ತಾರೆ. ವಿಲೀನದ ಉಳಿತಾಯವೆಂದು ಆಯವ್ಯಯದಲ್ಲಿ ತೋರುವ ಮೊತ್ತವು ಮತ್ತೊಬ್ಬರ ವಹಿವಾಟಿನ ಇಳಿಕೆಯೂ ಹೌದು.

ಗಡುವು ಮುಗಿದ ಮೇಲೆ

2004–05ರಲ್ಲಿ ವಿಲೀನವಾದ ನಗರಗಳಿಗೆ ಹತ್ತು ವರ್ಷಗಳ ವಿಶೇಷ ಲೆಕ್ಕ 2014–15ರ ಸುಮಾರಿಗೆ ಮುಗಿಯಿತು. ಉದಾಹರಣೆಯಲ್ಲಿ ತೋರಿಸಿದ ಇಳಿಕೆ ಆಗ ಆರಂಭವಾಯಿತು. ಆದರೆ ಇಪ್ಪತ್ತು ಕಿಲೋಮೀಟರ್ ದೂರದ ಕಣಿವೆಯ ಹಿಮವನ್ನು ತೆಗೆಯುವ ವೆಚ್ಚ ವಿಲೀನವಾದ ಮಾತ್ರಕ್ಕೆ ಇಳಿಯುವುದಿಲ್ಲ. ವಿಲೀನಗೊಂಡ ನಗರಗಳು ಒಟ್ಟಾಗಿ ಮನವಿ ಸಲ್ಲಿಸಿದ ಮೇಲೆ, 2014ರಿಂದ ಕೇಂದ್ರವು ಶಾಖಾ ಕಚೇರಿಗಳ ವೆಚ್ಚವನ್ನೂ ವಿಸ್ತಾರವಾದ ಕ್ಷೇತ್ರದ ವೆಚ್ಚವನ್ನೂ ಮೂಲ ಅಗತ್ಯದಲ್ಲಿ ಸೇರಿಸತೊಡಗಿತು. ಸಾಲಪತ್ರದ ಅವಧಿಯನ್ನೂ ನಂತರ ವಿಸ್ತರಿಸಲಾಯಿತು. ಇದಕ್ಕೂ ಮುನ್ನ, 2010ರಲ್ಲಿ, ಕಾಯ್ದೆಯಿಂದ ವಿಲೀನವನ್ನು ಪ್ರೋತ್ಸಾಹಿಸುವ ಉದ್ದೇಶವನ್ನೇ ಕೈಬಿಡಲಾಗಿತ್ತು. 2014ರ ನಂತರ ಒತ್ತು ಬಿದ್ದದ್ದು ನಗರಗಳ ನಡುವಣ ಸೇವಾ ಸಹಕಾರದ ಮೇಲೆ.

ಜನಸಂಖ್ಯೆಯ ಇಳಿಕೆಯನ್ನು ವಿಲೀನವು ತಡೆಯಲಿಲ್ಲ. 2000ದ ಜನಗಣತಿಯಲ್ಲಿ 72,173ರಷ್ಟಿದ್ದ ಸಾದೊ ದ್ವೀಪದ ಜನಸಂಖ್ಯೆ 2020ರಲ್ಲಿ 51,492. ಇಡೀ ಪ್ರಾಂತ್ಯದ್ದು 24.75 ಲಕ್ಷದಿಂದ 22.01 ಲಕ್ಷಕ್ಕೆ ಇಳಿಯಿತು. ವಿಲೀನವಾಗದ ಊರುಗಳಲ್ಲಿಯೂ ಜನ ಕಡಿಮೆಯಾದರು. ಆದ್ದರಿಂದ ಇಳಿಕೆಗೆ ವಿಲೀನವೇ ಕಾರಣವೆನ್ನುವುದೂ, ವಿಲೀನವಿಲ್ಲದಿದ್ದರೆ ಇನ್ನಷ್ಟು ಕೆಡುತ್ತಿತ್ತೆನ್ನುವುದೂ ಎರಡೂ ಆತುರದ ತೀರ್ಮಾನಗಳೇ.

ಕಳೆದುಕೊಂಡ ದನಿಯನ್ನು ಸ್ವಲ್ಪಮಟ್ಟಿಗಾದರೂ ಮರಳಿ ಕೊಡುವ ಪ್ರಯತ್ನವನ್ನು ಜೋಯೆತ್ಸು ನಗರ ಮಾಡಿತು. ಸೇರಿದ 13 ಊರುಗಳಲ್ಲಿ ಪ್ರತಿಯೊಂದಕ್ಕೂ ಪ್ರಾದೇಶಿಕ ಮಂಡಳಿಯನ್ನು ರಚಿಸಿ, ಸದಸ್ಯರಾಗಲು ಬಯಸುವವರಿಂದ ಬಹಿರಂಗವಾಗಿ ಅರ್ಜಿ ಕರೆದು, ಸ್ಥಾನಗಳಿಗಿಂತ ಹೆಚ್ಚು ಅರ್ಜಿಗಳು ಬಂದಲ್ಲಿ ಮತದಾನ ನಡೆಸುವ ವ್ಯವಸ್ಥೆ ಮಾಡಿತು. ಸದಸ್ಯರಿಗೆ ಸಂಬಳವಿಲ್ಲ. 2009ರಲ್ಲಿ ಹಳೆಯ ನಗರದ 15 ಭಾಗಗಳಿಗೂ ಇದನ್ನು ವಿಸ್ತರಿಸಿ ಒಟ್ಟು 28 ಮಂಡಳಿಗಳಾದವು. ಮಂಡಳಿ ಸಲಹೆ ನೀಡಬಲ್ಲುದು. ತೆರಿಗೆ ವಿಧಿಸಲಾರದು, ಆಯವ್ಯಯ ಅಂಗೀಕರಿಸಲಾರದು. ಹಳೆಯ ಗ್ರಾಮಸಭೆಗೂ ಇದಕ್ಕೂ ಇರುವ ಅಂತರ ಅಷ್ಟೇ, ಮತ್ತು ಅದು ಸಣ್ಣ ಅಂತರವಲ್ಲ.

ಯಮಾಕೋಶಿಯ ಉದಾಹರಣೆ

ವಿಲೀನದ ಎರಡೂ ಮುಖಗಳನ್ನು ಯಮಾಕೋಶಿ ಗ್ರಾಮದ ಅನುಭವ ತೋರಿಸುತ್ತದೆ. ಬಣ್ಣದ ಕಾರ್ಪ್ ಮೀನಿನ ಸಾಕಣೆಗೂ ಗೂಳಿ ಕಾಳಗಕ್ಕೂ ಹೆಸರಾದ ಸುಮಾರು 2,200 ಜನರ ಈ ಬೆಟ್ಟದ ಗ್ರಾಮವು ನಗಾವೊಕ ನಗರದೊಂದಿಗೆ ವಿಲೀನದ ಮಾತುಕತೆಯಲ್ಲಿತ್ತು. 2004ರ ಅಕ್ಟೋಬರ್ 23ರ ಸಂಜೆ 6.8 ತೀವ್ರತೆಯ ಭೂಕಂಪ ಸಂಭವಿಸಿತು. ಪ್ರಾಂತ್ಯದಲ್ಲಿ 68 ಮಂದಿ ಸಾವಿಗೀಡಾದರು. ಯಮಾಕೋಶಿಯ ರಸ್ತೆಗಳೆಲ್ಲ ಕುಸಿದುದರಿಂದ ಎರಡು ದಿನಗಳ ನಂತರ ಇಡೀ ಗ್ರಾಮವನ್ನು ಹೆಲಿಕಾಪ್ಟರುಗಳಲ್ಲಿ ನಗಾವೊಕಕ್ಕೆ ಸ್ಥಳಾಂತರಿಸಲಾಯಿತು. ಗ್ರಾಮವನ್ನು ತೆರವು ಮಾಡುವ ತೀರ್ಮಾನವನ್ನು ಕೈಗೊಂಡವರು ಗ್ರಾಮದ ಮುಖ್ಯಸ್ಥರಾಗಿದ್ದ ನಗಾಶಿಮಾ ತದಾಯೋಶಿ. ಐದು ತಿಂಗಳ ನಂತರ, 2005ರ ಏಪ್ರಿಲ್ 1ರಂದು, ಜನರಿನ್ನೂ ತಾತ್ಕಾಲಿಕ ವಸತಿಗಳಲ್ಲಿರುವಾಗಲೇ ಯಮಾಕೋಶಿ ಗ್ರಾಮ ಎಂಬ ಸಂಸ್ಥೆ ಕೊನೆಗೊಂಡಿತು.

ಅಷ್ಟು ದೊಡ್ಡ ಪುನರ್ನಿರ್ಮಾಣವನ್ನು ಒಂದು ಸಣ್ಣ ಗ್ರಾಮ ಕಚೇರಿ ತಾನೊಂದೇ ನಿಭಾಯಿಸುವುದು ಕಷ್ಟವಿತ್ತು. ಇಂಜಿನಿಯರುಗಳು, ಲೆಕ್ಕಿಗರು ಇದ್ದ ದೊಡ್ಡ ನಗರದ ಬೆಂಬಲ ನಿಸ್ಸಂದೇಹವಾಗಿ ನೆರವಾಯಿತು. ತಾತ್ಕಾಲಿಕ ವಸತಿಗಳಲ್ಲಿದ್ದ ಕೊನೆಯ ಕುಟುಂಬಗಳು 2007ರ ಕೊನೆಗೆ ಹೊರಟವು. ಆದರೆ ಹೋದವರೆಲ್ಲ ಹಿಂತಿರುಗಲಿಲ್ಲ. 2021ರ ವೇಳೆಗೆ ಅಲ್ಲಿ ಉಳಿದದ್ದು ಸುಮಾರು 800 ಜನ. ಆ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ನಿವಾಸಿಗಳ ಸಂಘಟನೆಯು ಬಣ್ಣದ ಕಾರ್ಪ್ ಮೀನಿನ ಚಿತ್ರವಿರುವ ಡಿಜಿಟಲ್ ಪ್ರಮಾಣಪತ್ರಗಳನ್ನು ಮಾರಾಟಕ್ಕಿಟ್ಟಿತು. ಕೊಂಡವರು ಯಮಾಕೋಶಿಯ 'ಡಿಜಿಟಲ್ ಗ್ರಾಮಸ್ಥರು'. ಅವರ ಸಂಖ್ಯೆ ನಿಜವಾದ ನಿವಾಸಿಗಳ ಸಂಖ್ಯೆಯನ್ನು ಮೀರಿತು. ಸರ್ಕಾರದ ಪಟ್ಟಿಯಲ್ಲಿ ಹದಿನಾರು ವರ್ಷಗಳ ಹಿಂದೆಯೇ ಇಲ್ಲವಾದ ಗ್ರಾಮವು ತನ್ನ ನಿವಾಸಿಗಳ ಪಟ್ಟಿಯನ್ನು ತಾನೇ ತೆರೆದುಕೊಂಡಿತು.

ಸಾರಾಂಶ

ನಿಗಾಟಾದ ಅನುಭವದಿಂದ ಕೆಳಗಿನ ಅಂಶಗಳು ಸ್ಪಷ್ಟವಾಗುತ್ತವೆ.

1. ವಿಲೀನದ ನಕ್ಷೆಯನ್ನು ಬಹುಮಟ್ಟಿಗೆ ರೂಪಿಸಿದ್ದು ಹಂಚಿಕೆ ತೆರಿಗೆಯ ಸೂತ್ರ ಮತ್ತು ಅದರ ಗಡುವು. ಸ್ವಂತ ಆದಾಯವುಳ್ಳ ಊರುಗಳಿಗೆ ಅದು ತಟ್ಟಲಿಲ್ಲ.

2. ಉತ್ತೇಜನವು ಹತ್ತು–ಹದಿನೈದು ವರ್ಷಗಳಿಗೆ ಸೀಮಿತವಾಗಿತ್ತು. ಕಟ್ಟಡಗಳ ನಿರ್ವಹಣೆ, ದೂರದ ಕಣಿವೆಗಳ ಸೇವೆ ಮತ್ತು ಸಾಲದ ಸ್ವಂತ ಪಾಲು ಅದರಾಚೆಗೂ ಉಳಿದವು.

3. ವಿನಿಮಯ ಅನುಪಾತವಿಲ್ಲದ ವಿಲೀನದಲ್ಲಿ ಮಿತವ್ಯಯಕ್ಕೆ ಬೆಲೆ ಸಿಗುವುದಿಲ್ಲ. ವಿಲೀನಕ್ಕೆ ಮುನ್ನ ಪ್ರತಿ ಊರಿನ ನಿಧಿ ಮತ್ತು ಸಾಲಗಳ ಪ್ರತ್ಯೇಕ ತಖ್ತೆ ಸಿದ್ಧಪಡಿಸಿ ಜನರ ಮುಂದಿಡುವುದು ಅತ್ಯವಶ್ಯ.

4. ಜಂಟಿ ಸೇವೆಗಾಗಿ ಆಡಳಿತವನ್ನೂ ಒಂದುಗೂಡಿಸಬೇಕೆಂದೇನೂ ಇಲ್ಲ. ತ್ಸುನಾನ್ ಪಟ್ಟಣ ಇದಕ್ಕೆ ನಿದರ್ಶನ.

ವಿಲೀನದ ಒಪ್ಪಂದಕ್ಕೆ ಲಗತ್ತಿಸುವ ಹಣಕಾಸು ಅಂದಾಜಿನಲ್ಲಿ ಉಳಿತಾಯಕ್ಕೆ ಒಂದು ಕಲಮು ಇರುತ್ತದೆ, ಅನುದಾನಕ್ಕೆ ಮತ್ತೊಂದು. ಊರಿನ ವಿಷಯವನ್ನು ಊರಿನಲ್ಲಿಯೇ ತೀರ್ಮಾನಿಸುವ ಹಕ್ಕಿಗೆ ಯಾವ ಕಲಮೂ ಇರುವುದಿಲ್ಲ. ಅದರ ಮೌಲ್ಯ ಎಷ್ಟೆಂಬುದನ್ನು ಗಡುವು ಬರುವ ಮುನ್ನವೇ ಆಯಾ ಊರಿನವರು ಯೋಚಿಸಿಕೊಳ್ಳಬೇಕು.